ಮುಗೀತು ಅಂದ ಮೇಲೂ ಓಡುವ ಬಾಡಿಗೆ

ಸೋಮವಾರ, ಜುಲೈ ೧೪
ಅಂಗಡಿಯಿಂದ, ಮಧ್ಯಾಹ್ನ

ನನ್ನ ಮೆಣಸಿನಕಾಳಿಗೆ,

ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದ. ನೀನು, ನಿನ್ನ ಅಕ್ಕ, ಭಾವ, ಆ ಇಬ್ಬರು ತುಂಟ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಅಕ್ಕನ ಮನೆಗೆ ಹೋಗಿ ಇವತ್ತಿಗೆ ನಲವತ್ತಮೂರು ದಿನ. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ಫೋನ್ ಮಾಡೋಣ ಎಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ಆದರೆ ನನ್ನ ನಾಲಿಗೆ ನಿನಗೆ ಗೊತ್ತಲ್ಲ, ಅದಕ್ಕೆ ಲಗಾಮಿಲ್ಲ. "ಹೇಗಿದ್ದೀಯಮ್ಮ" ಎಂದು ಶುರು ಮಾಡಿ, ಎರಡು ನಿಮಿಷದಲ್ಲಿ "ಅಲ್ಲ, ನೀನಾದ್ರೂ ಒಂದು ಫೋನ್ ಮಾಡಬಾರದಾ" ಎಂದು ಜಗಳಕ್ಕೆ ನಿಂತುಬಿಡುತ್ತೇನೆ. ಕಾಗದದಲ್ಲಾದರೆ ಬೇಡದ ಮಾತನ್ನು ಹೊಡೆದುಹಾಕಬಹುದು. ಈಗಾಗಲೇ ಮೂರು ಹಾಳೆ ಹರಿದು ಬುಟ್ಟಿಗೆ ಹಾಕಿದ್ದೇನೆ, ಇದು ನಾಲ್ಕನೆಯದು.

ಮೊದಲು ಮನೆಯ ಸಮಾಚಾರ. ನಿನ್ನ ಗಂಡ ಆರೋಗ್ಯವಾಗಿದ್ದಾನೆ. ಅಂದರೆ ಮೂರು ಹೊತ್ತೂ ತಿನ್ನುತ್ತಾನೆ, ಎರಡು ಹೊತ್ತು ಮುಖ ಊದಿಸಿಕೊಂಡಿರುತ್ತಾನೆ. ಭಾನುವಾರ ನಿನ್ನನ್ನು ನೋಡಿಕೊಂಡು ಬಂದಾಗ ಮಾತ್ರ ಒಂದೆರಡು ಮಾತು ಉದುರುತ್ತವೆ. ಹೋದ ವಾರ ಒಂದು ಪಾರ್ಟಿಗೆ ಇನ್ನೂರು ಕುರ್ಚಿ ಹಾಕಿಕೊಂಡು ಹೋಗು ಎಂದರೆ ಈ ಮಹಾರಾಯ ನೂರ ಎಂಬತ್ತು ಹೇರಿಕೊಂಡು ಹೋಗಿದ್ದಾನೆ. ಅವರು ಫೋನಿನಲ್ಲಿ ನನಗೆ ಬೈದರು, ನಾನು ಇವನಿಗೆ ಬೈದೆ, ಇವನು ಟೆಂಪೋಗೆ ಬೈದ. ನೀನಿದ್ದಾಗ ಒಂದು ಚಮಚ ಆಚೀಚೆ ಆಗುತ್ತಿರಲಿಲ್ಲ. ಮೇಜಿನ ಬಟ್ಟೆಗಳ ರಾಶಿ ಹಿಂದಿನ ಕೋಣೆಯಲ್ಲಿ ನನ್ನೆತ್ತರಕ್ಕೆ ಬೆಳೆದಿದೆ. ದೊಡ್ಡ ಹಂಡೆಯ ಒಂದು ಹಿಡಿ ಕಿತ್ತುಬಂದಿದೆ, ವೆಲ್ಡಿಂಗ್‌ನವನು "ನಾಳೆ ನಾಳೆ" ಎನ್ನುತ್ತಲೇ ಎರಡು ವಾರ ತಳ್ಳಿದ. ಇವೆಲ್ಲ ಹೇಗೋ ನಡೆಯುತ್ತವೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನನ್ನ ತಲೆ ಕೆಟ್ಟದ್ದು ನಿನ್ನ ಸುದ್ದಿ ಕೇಳಿ. ನಿನ್ನೆ ನಿನ್ನ ಗಂಡ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅಮ್ಮ, ಅವಳು ಕೆಲಸಕ್ಕೆ ಸೇರಿರೋ ಔಷಧಿ ಅಂಗಡಿ ಕೌಂಟರಲ್ಲಿ ಚಿಲ್ಲರೇನ ಮೂರು ಮೂರು ಸಲ ಎಣಿಸ್ತಾಳಂತೆ. ಹಿಂದೆ ನಿಂತೋರು ಗೊಣಗ್ತಾರಂತೆ. ಗ್ಯಾಸ್ ಆರಿಸಿದ್ನೋ ಇಲ್ವೋ ಅಂತ ಅರ್ಧ ದಾರಿಯಿಂದ ವಾಪಸ್ ಓಡಿ ಬರ್ತಾಳಂತೆ." ಆ ಕಂಪ್ಯೂಟರ್ ಪರೀಕ್ಷೆಯ ಮಾತು ತೆಗೆದರೆ, "ನನ್ನಂಥ ಬೇಜವಾಬ್ದಾರಿಯವಳ ಕೈಗೆ ಯಾರ್ರೀ ಮಷೀನ್ ಕೊಡ್ತಾರೆ, ಬಿಡಿ" ಅಂದೆಯಂತೆ. ಹೆಸರು ಕೊಡಲು ಈ ತಿಂಗಳ ಮೂವತ್ತೊಂದು ಕಡೆಯ ದಿನ, ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು ಎಂದೂ ಅವನೇ ಹೇಳಿದ. ಅಯ್ಯೋ ನನ್ನ ಕಂದ! ನಾಲ್ಕು ವರ್ಷ ನಮ್ಮ ಅಂಗಡಿಯ ಕುರ್ಚಿ, ಮೇಜು, ತಟ್ಟೆ, ಲೋಟ ಎಲ್ಲವನ್ನೂ ಕಣ್ಣಲ್ಲೇ ಎಣಿಸಿ ಮುಗಿಸುತ್ತಿದ್ದವಳು ಚಿಲ್ಲರೆಯನ್ನು ಮೂರು ಸಲ ಎಣಿಸುವುದೇ? ನಿನಗೆ ನಿನ್ನ ಮೇಲಿದ್ದ ನಂಬಿಕೆ ಹೋಗಿದೆ, ಅದನ್ನು ವಾಪಸ್ ತರಬೇಕು. ಈ ಕಾಗದ ಅದಕ್ಕೇ.

ಶುರುವಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ನನ್ನ ಬಾಯಿಂದ ಇನ್ನೊಂದು ಸಲ ಕೇಳು, ಈ ಸಲ ಕಿರುಚುವುದಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು "ಅತ್ತೆ, ನಾನು ಕ್ಲೌಡ್ ಕಲೀತೀನಿ, ಪರೀಕ್ಷೆ ಪಾಸಾದ್ರೆ ಒಳ್ಳೇ ಕೆಲಸ ಸಿಗುತ್ತೆ" ಎಂದೆ. "ಅದೆಂಥದೇ ಅದು?" ಎಂದು ಕೇಳಿದೆ. ನೀನು ನನ್ನ ತಲೆಗೆ ಹೋಗುವ ಹಾಗೆ ಹೇಳಿದೆ: "ನಮ್ಮ ಅಂಗಡಿ ಇದ್ದ ಹಾಗೇ ಅತ್ತೆ. ಯಾರೂ ಮನೇಲಿ ಇನ್ನೂರು ಕುರ್ಚಿ ಇಟ್ಕೊಳ್ಳಲ್ಲ, ಬೇಕಾದಾಗ ನಮ್ಮ ಹತ್ರ ಬಾಡಿಗೆಗೆ ತಗೋತಾರೆ. ಹಾಗೇ ದೊಡ್ಡ ದೊಡ್ಡ ಕಂಪ್ಯೂಟರ್‌ಗಳನ್ನ ಒಂದು ಕಂಪನಿಯೋರು ಎಲ್ಲೋ ಇಟ್ಟಿರ್ತಾರೆ. ನಾವು ಇಲ್ಲಿಂದಲೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡು ಕೆಲಸ ಮಾಡೋದು." "ಬಾಡಿಗೆ ಎಷ್ಟು?" ಎಂದೆ. "ಕಲಿಯೋರಿಗೆ ಒಂದು ವರ್ಷ ಪುಕ್ಕಟೆ" ಎಂದೆ ನೀನು. ನಾನು ನಕ್ಕೆ. ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು. ಆದರೆ ಬಾಡಿಗೆ ಅಂಗಡಿಯವರ ಬುದ್ಧಿ ನನಗೆ ಗೊತ್ತಿಲ್ಲದ್ದೇ? "ಪುಕ್ಕಟೆ ಆದ್ರೆ ಕಾರ್ಡ್ ಯಾಕೆ ಕೇಳ್ತಾರೆ?" ಎಂದು ಕೇಳಿದ್ದಕ್ಕೆ, "ಮಿತಿ ದಾಟಿದ್ರೆ ಹಿಡ್ಕೊಳ್ಳೋಕೆ. ನಾನು ದಾಟಲ್ಲ ಅತ್ತೆ" ಎಂದೆ.

ಮನೆಯಲ್ಲಿ ಆ ಥರದ ಕಾರ್ಡ್ ಇದ್ದದ್ದು ನನ್ನದೊಂದೇ. ಕೊಟ್ಟೆ. ಕೊಡುವಾಗ ಷರತ್ತು ಹಾಕಿದವಳೂ ನಾನೇ: "ಕಾರ್ಡ್ ನಂದು, ಹಾಗಾಗಿ ದುಡ್ಡಿನ ಇ-ಮೇಲ್ ಏನೇ ಬಂದ್ರೂ ನನಗೇ ಬರ್ಲಿ." ಅಂಗಡಿಯಲ್ಲಿ ಮೂವತ್ತು ವರ್ಷದಿಂದ ನಡೆದುಬಂದದ್ದು ಹಾಗೆ, ದುಡ್ಡಿನ ಕಾಗದ ಯಜಮಾನಿಯ ಕೈಗೇ ಬರಬೇಕು. ನೀನು ತುಟಿ ಪಿಟಕ್ ಎನ್ನದೆ ನನ್ನ ವಿಳಾಸ ಹಾಕಿದೆ. ಎರಡು ಕುರ್ಚಿಯ ಬೆಲೆಯಷ್ಟನ್ನೇ ಮಿತಿ ಎಂದು ಬರೆದು, ಅರ್ಧ ಮುಟ್ಟಿದರೆ ಒಂದು ಎಚ್ಚರಿಕೆ, ನೂರಕ್ಕೆ ಎಂಬತ್ತು ಭಾಗ ಆದರೆ ಇನ್ನೊಂದು, ಪೂರ್ತಿ ಆದರೆ ಮೂರನೆಯದು ಬರುವ ಹಾಗೆ ಮಾಡಿಟ್ಟೆ. ಅಷ್ಟು ಜಾಣೆ ನೀನು. ಅದನ್ನೂ ನನಗೆ ತೋರಿಸಿ, ಅರ್ಥವಾಯಿತಾ ಎಂದು ಎರಡು ಸಲ ಕೇಳಿದ್ದೆ.

ಆಮೇಲೆ ಯಾವ ಕುರ್ಚಿ ಯಾರ ಮನೆಗೆ ಹೋಗಿದೆ, ಯಾವಾಗ ಬರುತ್ತದೆ ಎಂದು ಬೆರಳು ಒತ್ತಿದರೆ ಕಾಣುವ ರಿಜಿಸ್ಟರ್ ಕಟ್ಟಲು ಕೂತೆ. ಏಪ್ರಿಲ್ ಮೊದಲ ವಾರ ಅದು ಒಂದು ಮಟ್ಟಕ್ಕೆ ನಿಂತಿತು. ಅಷ್ಟರಲ್ಲಿ ಮದುವೆ ಸೀಸನ್ ಶುರುವಾಯಿತು, ಉಸಿರಾಡಲು ಬಿಡುವಿಲ್ಲ. ನೀನು ಎಲ್ಲವನ್ನೂ ಸ್ಟಾಪ್ ಮಾಡಿ, ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು, ಸೆರಗು ಕಟ್ಟಿಕೊಂಡು ಮೇಜಿನ ಬಟ್ಟೆ ಒಗೆಯಲು ಇಳಿದೆ. ಬಿಲ್ಲು ಬಂದದ್ದು ಮೇ ಮೂರಕ್ಕೆ. ಅರವತ್ತು ಹೊಸ ಕುರ್ಚಿಯ ದುಡ್ಡು ನನ್ನ ಕಾರ್ಡಿನಿಂದ ಒಂದೇ ಏಟಿಗೆ ಹೋಯಿತು.

ಆವತ್ತು ಅಂಗಡಿಯಲ್ಲಿ ಮೂರು ಜನ ಗಿರಾಕಿಗಳು ಕೂತಿದ್ದರು. ಅವರೆದುರಿಗೇ ನಾನು ಬಾಯಿ ತೆರೆದೆ. "ಒಂದು ಕುರ್ಚಿ ಸಂಪಾದಿಸದ ಕೈ, ಅರವತ್ತು ಕುರ್ಚಿ ನುಂಗಿತಲ್ಲೇ!" ಎಂದೆ. ಇನ್ನೂ ಏನೇನೋ ಎಂದೆ, ಅವನ್ನು ಇಲ್ಲಿ ಬರೆದರೆ ಕಾಗದ ಮೈಲಿಗೆಯಾಗುತ್ತದೆ. ನೀನು ಒದ್ದೆ ಬಟ್ಟೆ ಹಿಡಿದುಕೊಂಡು ಹಿಂದಿನ ಬಾಗಿಲಲ್ಲಿ ನಿಂತಿದ್ದೆ, ಕಾಲ ಮೇಲೆ ನೀರು ಸೋರುತ್ತಿತ್ತು. "ಅಲರ್ಟ್ ಇಟ್ಟಿದ್ದೆ ಅತ್ತೆ. ಬರಲೇ ಇಲ್ಲ. ಅದನ್ನೂ ನಾನು ಸರಿಯಾಗಿ ಇಟ್ಟಿಲ್ಲ ಅನ್ಸುತ್ತೆ" ಎಂದಷ್ಟೇ ಹೇಳಿ, ಆ ರಾತ್ರಿಯೇ ಅಲ್ಲಿದ್ದದ್ದನ್ನೆಲ್ಲ ಅಳಿಸಿಹಾಕಿದೆ. ಮುಂದಿನ ನಾಲ್ಕು ವಾರ ಮನೆಯಲ್ಲಿ ನಿನ್ನ ಹೆಜ್ಜೆ ಸಪ್ಪಳವೇ ಇರಲಿಲ್ಲ. ಆಮೇಲೆ ಅಕ್ಕನ ಮನೆಗೆ ಹೋದೆ, ಅಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ.

ನೀನು ಹೋದ ಮೇಲೆ ನನ್ನ ಸಿಟ್ಟು ಆ ಕ್ಲೌಡಿನ ಮೇಲೆ ತಿರುಗಿತು. ನನ್ನ ಸೊಸೆಯನ್ನು ಓಡಿಸಿದ ಆ ಗ್ರಹಚಾರ ಏನದು, ಮುಖ ನೋಡಿಯೇ ಬಿಡೋಣ ಎನಿಸಿತು. ನಿನ್ನ ನೀಲಿ ರಟ್ಟಿನ ನೋಟ್‌ಬುಕ್ ಬೀರುವಿನಲ್ಲೇ ಇತ್ತು. ಅದನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಎದುರಿನ ಜೆರಾಕ್ಸಮ್ಮನ ಹತ್ತಿರ ಹೋದೆ. ನಾವು ಬೆನ್ನ ಹಿಂದೆ ಕರೆಯುವ ಹೆಸರು ಅವಳಿಗೆ ಗೊತ್ತಾಗಿಹೋಗಿದೆ, ಈಗ ಎದುರಿಗೇ ಹಾಗೆ ಕರೆಯುತ್ತೇನೆ, ನಗುತ್ತಾಳೆ. ದಿನವಿಡೀ ಊರಿನವರ ಆನ್‌ಲೈನ್ ಅರ್ಜಿ ತುಂಬುವವಳು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಎರಡರಿಂದ ಮೂರು ನಮ್ಮಿಬ್ಬರಿಗೂ ಗಿರಾಕಿ ಕಡಿಮೆ. ಆ ಒಂದು ಗಂಟೆ ನನ್ನ ಶಾಲೆ.

ನಗಬೇಡ. ಐವತ್ತೆಂಟನೆಯ ವಯಸ್ಸಿಗೆ ನಿನ್ನ ಅತ್ತೆ ಸ್ವಂತ ಹೆಸರಿನಲ್ಲಿ ಒಂದು ಫ್ರೀ ಅಕೌಂಟ್ ತೆಗೆದಿದ್ದಾಳೆ. ಪಾಸ್‌ವರ್ಡ್ ಹಾಕುವುದಕ್ಕೇ ಎರಡು ದಿನ ಹಿಡಿಯಿತು. ದೊಡ್ಡ ಅಕ್ಷರ ಬೇಕಂತೆ, ಚಿಕ್ಕ ಅಕ್ಷರ ಬೇಕಂತೆ, ಅಂಕಿ ಬೇಕಂತೆ, ಅದರ ಮೇಲೊಂದು ಚಿಹ್ನೆ ಬೇಕಂತೆ. "ಇದೇನು ಪಾಸ್‌ವರ್ಡೋ ಸಂಬಾರ ಪುಡಿಯೋ?" ಎಂದೆ. ಜೆರಾಕ್ಸಮ್ಮ ನಕ್ಕು ನಕ್ಕು ಪ್ರಿಂಟರಿನ ಮೇಲೆ ಒರಗಿಬಿಟ್ಟಳು. ಮೂರನೆಯ ದಿನ ಒಂದು ಚಿಕ್ಕ ಮಷೀನ್ ತೆಗೆದೆ. ನಾಲ್ಕನೆಯ ದಿನ ನೋಡಿದರೆ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಯಾರೋ ಹೊತ್ತುಕೊಂಡು ಹೋದರು ಎಂದುಕೊಂಡೆ. ಆಮೇಲೆ ಅವಳು ಹುಡುಕಿ ತೋರಿಸಿದಳು. ಆ ಕಂಪನಿಗೆ ಬೇರೆ ಬೇರೆ ಕಡೆ ಗೋಡೌನುಗಳಿವೆ. ನಾನು ಮಷೀನ್ ತೆಗೆದದ್ದು ಒಂದು ಗೋಡೌನಿನಲ್ಲಿ, ನೋಡುತ್ತಿದ್ದದ್ದು ಇನ್ನೊಂದರಲ್ಲಿ. ಕಣ್ಣಿಗೆ ಕಾಣದಿದ್ದರೂ ಅಲ್ಲಿ ಬಾಡಿಗೆ ಓಡುತ್ತಲೇ ಇರುತ್ತದೆ ನೋಡು! ಅವತ್ತಿನಿಂದ ಒಂದೊಂದು ಗೋಡೌನಿನ ಬಾಗಿಲನ್ನೂ ತೆರೆದು ನೋಡಿಯೇ ಏಳುತ್ತೇನೆ.

ಹೀಗೆ ಕಲಿಯುತ್ತ ಕಲಿಯುತ್ತ ನಿನ್ನ ಬಿಲ್ಲಿನ ಹಿಂದೆ ಬಿದ್ದೆವು. ದುಡ್ಡು ತಿಂದದ್ದು ನಿನ್ನ ರಿಜಿಸ್ಟರ್ ಇಟ್ಟಿದ್ದ ಡೇಟಾಬೇಸ್, ನೀನು ಎಲ್ಲ ಸ್ಟಾಪ್ ಮಾಡಿದ ದಿನವಷ್ಟೇ ತೆಗೆದದ್ದು. ತೆಗೆಯುವಾಗ ಅದು ತಾನಾಗಿಯೇ ದೊಡ್ಡ ಅಳತೆಯನ್ನು ಗುರುತು ಮಾಡಿಟ್ಟಿರುತ್ತದೆ, ನಾವು ನೋಡಿ ಚಿಕ್ಕದಕ್ಕೆ ಬದಲಿಸಬೇಕು. ನೀನು ಬದಲಿಸಿರಲಿಲ್ಲ. ಹೊಸಬರು ನೂರಕ್ಕೆ ಐವತ್ತು ಜನ ಬದಲಿಸುವುದಿಲ್ಲ ಎಂದು ಜೆರಾಕ್ಸಮ್ಮ ಎಲ್ಲೋ ಓದಿ ಹೇಳಿದಳು, ಲೆಕ್ಕ ಅವಳದು, ನನಗೆ ಗೊತ್ತಿಲ್ಲ. ಅದಾದರೂ ಹೋಗಲಿ, ನೀನು ಅದನ್ನು ಸ್ಟಾಪ್ ಮಾಡಿದ್ದೆಯಲ್ಲ? ಮಾಡಿದ್ದೆ. ಅಲ್ಲೇ ಇರುವುದು ಕಿತಾಪತಿ. ನಿಲ್ಲಿಸಿದ ಆ ಡೇಟಾಬೇಸ್ ಏಳು ದಿನ ಆದ ಮೇಲೆ ತಾನೇ ಎದ್ದು ಕೂರುತ್ತದಂತೆ! ಯಾರೂ ಎಬ್ಬಿಸಬೇಕಾಗಿಲ್ಲ. ಅದರ ನಿಯಮವೇ ಹಾಗಂತೆ, ಯಾವುದೋ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಅದು ಎದ್ದು ಬಾಡಿಗೆ ತಿನ್ನುತ್ತಿತ್ತು. ಬೇಡ ಎಂದರೆ ಸ್ಟಾಪ್ ಸಾಲದು, ಡಿಲೀಟ್ ಮಾಡಬೇಕು.

ಇದನ್ನು ಓದಿದ ದಿನ ನಾನು ಅಂಗಡಿಗೆ ವಾಪಸ್ ಬಂದು ನಮ್ಮ ಬಾಡಿಗೆ ಪುಸ್ತಕ ತೆರೆದೆ. ಸ್ಟಾಪ್ ಎಂದರೆ ಮುಗಿಯಿತು ಎಂದು ನೀನು ಯಾಕೆ ನಂಬಿದೆ ಎಂದು ಆಗ ಹೊಳೆಯಿತು. ನಿನಗೆ ಹಾಗೆ ಕಲಿಸಿದವರು ನಾವೇ ಕಣಮ್ಮ. ಬೇರೆ ಬಾಡಿಗೆ ಅಂಗಡಿಗಳಲ್ಲಿ ಸಾಮಾನು ವಾಪಸ್ ಬಂದು ಎಣಿಕೆ ಆಗುವವರೆಗೂ ಬಾಡಿಗೆ ಓಡುತ್ತದೆ. ನಮ್ಮಲ್ಲಿ ಮಾತ್ರ ಹಾಗಲ್ಲ. ನಿನ್ನ ಮಾವ ಅಂಗಡಿ ತೆರೆದ ದಿನವೇ ಕಟ್ಟುಪಾಡು ಹಾಕಿದರು. ಗಿರಾಕಿ ಫೋನ್ ಮಾಡಿ "ಮುಗೀತು" ಅಂದರೆ ಆ ಗಳಿಗೆಗೆ ಬಾಡಿಗೆ ನಿಂತಿತು. ಕುರ್ಚಿ ಎತ್ತಿಕೊಂಡು ಬರುವುದು ತಡವಾದರೆ ಅದು ನಮ್ಮ ಕರ್ಮ, ಅವರದಲ್ಲ. "ಸಾವೋ ಮದುವೆಯೋ ಮುಗಿಸಿ ಸುಸ್ತಾಗಿ ಕೂತಿರ್ತಾರೆ, ಅವರ ಮೇಲೆ ಬಾಡಿಗೆ ಓಡಿಸಬಾರ್ದು" ಎನ್ನುತ್ತಿದ್ದರು. ಅವರು ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ. ನೀನು ಬಾಡಿಗೆ ಅನ್ನುವುದನ್ನು ಕಲಿತದ್ದೇ ಈ ಅಂಗಡಿಯಲ್ಲಿ. ಗಿರಾಕಿ ಮುಗೀತು ಎಂದರೆ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದವಳು ನೀನು. ಎಲ್ಲರೂ ಹಾಗೆಯೇ ಗೆರೆ ಎಳೆಯುತ್ತಾರೆ ಎಂದುಕೊಂಡೆ. ಅದನ್ನು ಬೇಜವಾಬ್ದಾರಿ ಎನ್ನಲು ನನ್ನ ನಾಲಿಗೆ ಹೇಗೆ ಹೊರಳಿತೋ!

ಇನ್ನೊಂದು ಸುದ್ದಿ. ಕಂಪನಿಯವರಿಗೆ ಬರೆದೆವು. ನಿನ್ನ ಹೆಸರಿನಲ್ಲಿ, ನಿನ್ನ ನೋಟ್‌ಬುಕ್ಕಿನ ಪಾಸ್‌ವರ್ಡಿನಿಂದ, ನಿನ್ನನ್ನು ಕೇಳದೆ. ತಪ್ಪು, ಕ್ಷಮಿಸು. ಕಲಿಯುತ್ತಿದ್ದೆ, ನಿಲ್ಲಿಸಿದ್ದೆ, ಅದು ತಾನೇ ಎದ್ದದ್ದು ಗೊತ್ತಾಗಲಿಲ್ಲ, ಈಗ ಎಲ್ಲ ಡಿಲೀಟ್ ಮಾಡಿದ್ದೇನೆ, ಈ ಒಂದು ಸಲ ಬಿಡಿ ಎಂದು ಇದ್ದದ್ದು ಇದ್ದ ಹಾಗೆ ಬರೆಸಿದೆ. ನಾನು ನಾಲ್ಕು ಬೈಗುಳವನ್ನೂ ಸೇರಿಸಲು ಹೇಳಿದ್ದೆ, ಜೆರಾಕ್ಸಮ್ಮ ಸೇರಿಸಲಿಲ್ಲ. ಹನ್ನೊಂದು ದಿನಕ್ಕೆ ಉತ್ತರ ಬಂತು. ಮೊದಲ ಸಲ ಆದ್ದರಿಂದ ಬಿಲ್ಲನ್ನು ರದ್ದು ಮಾಡಿದ್ದೇವೆ, ಇನ್ನು ಮುಂದೆ ಜೋಪಾನ ಎಂದಿದ್ದರು. ದುಡ್ಡು ಪೂರ್ತಿ ಕಾರ್ಡಿಗೆ ವಾಪಸ್ ಬಂದಿದೆ. ಬಂದ ದಿನ ನಿನ್ನ ಗಂಡ ಕುಣಿದಾಡಿದ, ನಾನೇ ಬರೆಯುವವರೆಗೆ ನಿನಗೆ ಹೇಳಬಾರದು ಎಂದು ಅವನ ಬಾಯಿ ಕಟ್ಟಿದ್ದೇನೆ. ನಾನು ಹೋಗಿ ಬಟ್ಟೆಯ ರಾಶಿಯ ಪಕ್ಕ ಕೂತು ಅತ್ತೆ.

ಯಾಕೆಂದರೆ ಆ ಉತ್ತರದಲ್ಲಿ ಇನ್ನೊಂದು ಸಾಲಿತ್ತು. ನೀವು ಇಟ್ಟಿದ್ದ ಮೂರು ಎಚ್ಚರಿಕೆಗಳೂ ಇಂಥಿಂಥ ದಿನ ನೀವು ಕೊಟ್ಟ ವಿಳಾಸಕ್ಕೆ ತಲುಪಿವೆ ಎಂದು ತಾರೀಕು ಸಮೇತ ಬರೆದಿದ್ದರು. ಕೇಳಿಸಿಕೊಂಡೆಯಾ? ನಿನ್ನ ಅಲರ್ಟ್ ಸರಿಯಾಗಿಯೇ ಇತ್ತು. ಮೂರೂ ಬಂದಿದ್ದವು. ಅವು ನನ್ನ ಮೊಬೈಲಿನಲ್ಲಿ ಜಾಹೀರಾತಿನ ಮೇಲುಗಳ ಗುಂಪಿನಲ್ಲಿ ಬಿದ್ದಿದ್ದವು, ಯಾರೂ ನೋಡಲಿಲ್ಲ. ದಿನಕ್ಕೆ ಐವತ್ತು ಬರುತ್ತವೆ, ಸಾಲ ಬೇಕಾ, ಸೀರೆ ಬೇಕಾ, ಮಂಡಿನೋವಿಗೆ ಎಣ್ಣೆ ಬೇಕಾ ಎಂದು. ಅದರಲ್ಲಿ ಇದನ್ನು ಎಲ್ಲಿ ಹುಡುಕುವುದು? ಯಾರ ತಪ್ಪೂ ಅಲ್ಲ. ನಿನ್ನದಂತೂ ಅಲ್ಲವೇ ಅಲ್ಲ.

ಆದ್ದರಿಂದ ಲ್ಯಾಪ್‌ಟಾಪನ್ನು ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ, ನೋಟ್‌ಬುಕ್ಕೂ ಇದೆ. ಕಡೆಯ ಎರಡು ಪುಟದಲ್ಲಿ ನನ್ನ ಅಕ್ಷರ ಕಂಡರೆ ಬೆಚ್ಚಬೇಡ. ನಾನು ಕಲಿತದ್ದನ್ನು ಅಲ್ಲಿ ಬರೆದಿಟ್ಟಿದ್ದೇನೆ. ಯಾವುದೇ ಮಷೀನ್ ತೆಗೆಯುವ ಮೊದಲು ಅದು ಪುಕ್ಕಟೆಯ ಅಳತೆಯೋ ಅಲ್ಲವೋ ನೋಡು. ಕೂತ ದಿನವೇ ಮುಗಿಸು, ಮುಗಿದದ್ದನ್ನು ನಿಲ್ಲಿಸಿ ಬಿಡಬೇಡ, ಅಳಿಸಿಬಿಡು. ಮಷೀನ್ ಅಳಿಸಿದರೂ ಅದರ ಡಿಸ್ಕ್, ಅದಕ್ಕೆ ತೆಗೆದ ಅಡ್ರೆಸ್ಸು ಹಿಂದೆ ಉಳಿದುಬಿಡುತ್ತವೆ, ನೆಂಟರು ಹೋದ ಮೇಲೂ ಅವರ ಚೀಲ ಉಳಿದ ಹಾಗೆ. ಅವನ್ನೂ ಹುಡುಕಿ ಅಳಿಸು. ಏಳುವ ಮೊದಲು ಬಿಲ್ಲಿನ ಪುಟ ಒಂದು ಸಲ ನೋಡು. ಒಂದು ವಿಷಯ ನನಗೂ ಗೊತ್ತಿರಲಿಲ್ಲ, ಅಲರ್ಟ್ ಬರಿಯ ಕೂಗು ಹಾಕುತ್ತದೆ ಅಷ್ಟೇ, ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ. ಕೇಳಿಸಿಕೊಂಡವರು ಎದ್ದು ಹೋಗಿ ನಿಲ್ಲಿಸಬೇಕು. ಈ ಸಲ ಆ ಮೇಲುಗಳು ನಿನಗೇ ಬರಲಿ. ಕಾರ್ಡ್ ನನ್ನದೇ ಇರಲಿ, ವಿಳಾಸ ನಿನ್ನದು ಹಾಕು.

ಪರೀಕ್ಷೆಗೆ ಹೆಸರು ಕೊಡು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದಕ್ಕೆ ಅವಸರವಿಲ್ಲ, ಪರೀಕ್ಷೆ ಆದ ಮೇಲೂ ಸಿಟ್ಟು ಮಾಡಬಹುದು. ಚಿಲ್ಲರೆಯನ್ನು ಒಂದೇ ಸಲ ಎಣಿಸು. ಗ್ಯಾಸ್ ಆರಿಸಿರುತ್ತೀಯ, ವಾಪಸ್ ಹೋಗಬೇಡ. ನಿನ್ನ ಕೈಗೆ ಯಾರು ಮಷೀನ್ ಕೊಡುತ್ತಾರೆ ಎಂದು ಕೇಳಿದೆಯಂತಲ್ಲ, ನಾನು ನನ್ನ ಇಡೀ ಅಂಗಡಿ ಕೊಡುತ್ತೇನೆ. ಅಷ್ಟು ನಂಬಿಕೆ ನನಗಿದೆ, ನಿನಗೆ ಯಾಕಿಲ್ಲ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ಮಕ್ಕಳಿಗೆ ಒಂದೊಂದು ಮುತ್ತು. ನೀನು ಎಲ್ಲಿದ್ದರೂ ತಲೆ ಎತ್ತಿಕೊಂಡು ಇರುವ ಹಾಗಾಗಲಿ ಎಂದು ಹಾರೈಸುವ,

ನಿನ್ನ ಅತ್ತೆ

ತಾ.ಕ.

ಶನಿವಾರ, ಜುಲೈ ೧೯

ಕಾಗದ ಅಂಟಿಸಿ ಐದು ದಿನವಾಯಿತು. ನಾಳೆ ಬೆಳಿಗ್ಗೆ ನಿನ್ನ ಗಂಡ ಹೊರಡುತ್ತಾನೆ. ಈ ಐದು ದಿನವೂ ಲಕೋಟೆ ಗಲ್ಲಾಪೆಟ್ಟಿಗೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ನಿನ್ನೆ ಜೆರಾಕ್ಸಮ್ಮ ಸುಮ್ಮನೆ, ಬೇರೆ ಯಾವುದೋ ಮಾತಿಗೆ, "ಅಮ್ಮಾ, ನಿಮ್ಮ ಮೇಲ್ ನೀವೇ ನೋಡ್ತೀರಾ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳಿಗೆ ಏನೂ ಅರ್ಥವಾಗಲಿಲ್ಲ. ಇವತ್ತು ಲಕೋಟೆ ಹರಿದಿದ್ದೇನೆ.

ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಯಾರೂ ನೋಡಲಿಲ್ಲ ಎಂದು ಬರೆದೆನಲ್ಲ, ಅದು. ಮೊದಲನೆಯ ಮೇಲನ್ನು ನಾನು ನಿಜವಾಗಿಯೂ ನೋಡಿರಲಿಲ್ಲ. ಎರಡನೆಯದನ್ನು ನೋಡಿದೆ.

ಏಪ್ರಿಲ್ ಮಧ್ಯದಲ್ಲಿ, ಸಂಜೆ ನಾಲ್ಕರ ಹೊತ್ತಿಗೆ ಬಂತು. ಇಂಗ್ಲಿಷಿನಲ್ಲಿತ್ತು. ಮೊಬೈಲಿನಲ್ಲಿ ಒತ್ತಿದರೆ ಕನ್ನಡ ಮಾಡಿಕೊಡುತ್ತದಲ್ಲ, ನೀನೇ ಕಲಿಸಿದ್ದು, ಹಾಗೆ ಒತ್ತಿ ಓದಿದೆ. ನೀವು ಇಟ್ಟ ಮಿತಿಯಲ್ಲಿ ಎಂಬತ್ತು ಭಾಗ ದಾಟಿದೆ ಎಂದಿತ್ತು. ಅರ್ಥವಾಯಿತು. ಆವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ ನೀವಿಬ್ಬರೂ ಪರೀಕ್ಷೆ ಆದ ಮೇಲಿನ ಮಾತಾಡಿದ್ದಿರಿ. ಆ ಕೆಲಸ ಸಿಕ್ಕಿದರೆ ಬೇರೆ ಊರು, ಎರಡು ಕೋಣೆಯ ಮನೆ, ಇವನು ಅಲ್ಲೇ ಗಾಡಿ ಓಡಿಸುವುದು. "ಅತ್ತೆ, ನೀವೂ ಬಂದ್ಬಿಡಿ" ಎಂದು ನೀನು ಕರೆದೆ ಕೂಡ. "ಅಂಗಡಿ ಯಾರು ನೋಡ್ಕೋತಾರೆ" ಎಂದು ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಆ ಮೇಲ್ ಓದಿ ನನಗೆ ಬಂದ ಯೋಚನೆ ಇದು, ಇದ್ದ ಹಾಗೆ ಬರೆಯುತ್ತೇನೆ: ಹೋಗಲಿ, ಎರಡು ಕುರ್ಚಿಯ ದುಡ್ಡು ತಾನೇ, ಕೈ ಸ್ವಲ್ಪ ಸುಟ್ಟುಕೊಳ್ಳಲಿ, ಹೆದರಿ ಸುಮ್ಮನಾಗುತ್ತಾಳೆ, ಎಲ್ಲಿಗೂ ಹೋಗುವುದಿಲ್ಲ. ಮಿತಿ ದಾಟಿದ ಮೇಲೂ ಅದು ಓಡುತ್ತಲೇ ಇರುತ್ತದೆ, ಎರಡು ಅರವತ್ತಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ. ಆದರೆ ದುಡ್ಡಿಗಾಗಿ ಹೇಳುತ್ತಿದ್ದೆ, ನಿನಗಾಗಿ ಹೇಳುತ್ತಿರಲಿಲ್ಲ. ಮೂರನೆಯದು ಬಂದಾಗ ತೆರೆಯಲೇ ಇಲ್ಲ, ತೆರೆದರೆ ಹೇಳಬೇಕಾಗುತ್ತದೆ ಎಂದು.

ನಿನ್ನ ಮಾವ ಹೋದ ಮೇಲೆ ಮೂರು ವರ್ಷ ನಾನು ಆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಿಟ್ಟರೆ ಯಾರ ಜೊತೆಯೂ ಮಾತಾಡಿರಲಿಲ್ಲ. ನಿನ್ನ ಗಂಡನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಹಂಡೆಯ ಜೊತೆ ಮಾತಾಡುವುದು ವಾಸಿ. ನೀನು ಬಂದ ಎರಡನೆಯ ದಿನ ಒಂದು ಸ್ಟೂಲ್ ಎಳೆದುಕೊಂಡು ಬಂದು ನನ್ನ ಪಕ್ಕ ಕೂತೆ, "ಅತ್ತೆ, ಏನಾದ್ರೂ ಹೇಳಿ" ಎಂದೆ. ಅವತ್ತಿನಿಂದ ನಾಲ್ಕು ವರ್ಷ ನಾನು ಬಾಯಿ ತುಂಬ ಮಾತಾಡಿದ್ದೇನೆ. ನೀನು ಹೋಗಿಬಿಡುತ್ತೀಯ ಎಂದು ಹೆದರಿದೆ. ಹೆದರಿ ಮಾಡಿದ ಕೆಲಸವೇ ನಿನ್ನನ್ನು ಓಡಿಸಿತು. ಇದನ್ನು ನೆಪ ಎಂದು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ನಿನ್ನ ಗಂಡನಿಗೆ ಇದಾವುದೂ ಗೊತ್ತಿಲ್ಲ. ಬೇಕಾದರೆ ಈ ಪುಟವನ್ನು ಅವನಿಗೂ ಓದಿ ಹೇಳು, ನಾನು ಬೇಡ ಎನ್ನುವುದಿಲ್ಲ. ನೀನು ಈ ಮನೆಗೆ ಬರುವುದೂ ಬಿಡುವುದೂ ನಿನ್ನ ಇಷ್ಟ, ಪರೀಕ್ಷೆಗೆ ಮಾತ್ರ ಹೆಸರು ಕೊಡು.

ಇನ್ನೊಂದು ಉಳಿದಿದೆ, ಅದು ನಿನಗೂ ನೆನಪಿರುತ್ತದೆ. ಏಪ್ರಿಲಿನಲ್ಲಿ ನೀನು ಎರಡು ಸಲ ಬಂದು ಕೇಳಿದ್ದೆ: "ಅತ್ತೆ, ಕ್ಲೌಡಿನೋರಿಂದ ಏನಾದ್ರೂ ಮೇಲ್ ಬಂತಾ?" ಎರಡು ಸಲವೂ "ಇಲ್ಲ ಕಣೇ" ಎಂದೆ. ಮೊದಲ ಸಲ ಗೊತ್ತಿಲ್ಲದೆ ಅಂದದ್ದು. ಎರಡನೆಯ ಸಲ ನೀನು ಹಿಂದಿನ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ, ಮೊಬೈಲು ನನ್ನ ಕೈಯಲ್ಲಿತ್ತು, ಆ ಮೇಲ್ ತೆರೆದೇ ಇತ್ತು. "ಸರಿ ಅತ್ತೆ, ನೀವು ನೋಡ್ಕೋತಿದ್ದೀರಲ್ಲ, ನಂಗೇನು ಚಿಂತೆ" ಎಂದು ನಕ್ಕು ನೀನು ಒಳಗೆ ಹೋದೆ.